ಹನ್ನೆರಡು ಗೋರಿ ಸಿಕ್ಕವು, ಅಡುಗೆಮನೆ ಹೋಯಿತು

ಜಿಲ್ಲಾ ಭೂದಾಖಲೆ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ತಮ್ಮ ಕಚೇರಿ ನನ್ನ ಅಡುಗೆಮನೆಯನ್ನೂ ಅದರ ಬಾಗಿಲಲ್ಲಿರುವ ಬಾವಿಯನ್ನೂ ಪಕ್ಕದ ಮನೆಯವರ ಹೆಸರಿಗೆ ಬರೆದುಕೊಟ್ಟಿದೆ. ಅದಕ್ಕೆ ಬದಲಾಗಿ ನನಗೆ ಹನ್ನೊಂದು ಗೋರಿಗಳನ್ನು ದಯಪಾಲಿಸಿದೆ. ಈ ಅದಲುಬದಲನ್ನು ನಾನು ಕೇಳಿರಲಿಲ್ಲ, ಪಕ್ಕದವರೂ ಕೇಳಿರಲಿಲ್ಲ, ಗೋರಿಯೊಳಗೆ ಮಲಗಿದವರಂತೂ ಅರ್ಜಿ ಹಾಕಿರಲಿಕ್ಕಿಲ್ಲ. ಇನ್ನು ಒಂಬತ್ತು ದಿನ ಕಳೆದರೆ ನನ್ನ ಹೆಂಡತಿಯ ಒಲೆ, ಬಾವಿ, ಬಾವಿಯ ರಾಟೆ ಎಲ್ಲವೂ ಕೋಳಿ ಸಾಕುವವನೊಬ್ಬನಿಗೆ ಮಾರಾಟವಾಗುತ್ತವೆ. ತಮಗೆ ಕಳಿಸಿದ ನಾಲ್ಕು ಅರ್ಜಿಗಳಿಗೆ ಉತ್ತರ ಬಾರದ ಕಾರಣ ಈ ಐದನೆಯದನ್ನು ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಸುಂಬರ್ಲೊ ಊರಿನ ಹಳೆಯ ನೀರಗಂಟಿ. ಲಾವು ಬೆಟ್ಟದಿಂದ ಇಳಿದು ಬರುವ ಕಾಲುವೆಯ ನೀರನ್ನು ಇಪ್ಪತ್ತಾರು ವರ್ಷ ಗದ್ದೆಗದ್ದೆಗೆ ಹಂಚಿದವನು. ಯಾರ ಬದು ಎಲ್ಲಿ ಬಾಯಿಬಿಡುತ್ತದೆ, ಯಾರು ನಾನು ಆಚೆ ತಿರುಗಿದ್ದೇ ತಡ ತೂಬು ಎತ್ತುತ್ತಾರೆ ಅನ್ನುವುದೆಲ್ಲ ನನಗೆ ಬಾಯಿಪಾಠ. ಆ ಕೆಲಸಕ್ಕೆ ಸಂಬಳವೆಂದು ಊರು ನನಗೊಂದು ಗದ್ದೆ ಉಳಲು ಕೊಟ್ಟಿತ್ತು. ಕೆಲಸ ಬಿಟ್ಟ ದಿನ ಆ ಗದ್ದೆಯನ್ನು ಬೆಳೆದು ನಿಂತ ಪೈರಿನ ಸಮೇತ ಊರಿಗೆ ಒಪ್ಪಿಸಿದೆ. ಕೊಯ್ಲಾದ ಮೇಲೆ ಬಿಡಬಹುದಿತ್ತು, ಯಾರೂ ಬೇಡ ಅನ್ನುತ್ತಿರಲಿಲ್ಲ. ಯಾವುದು ನನ್ನದು, ಯಾವುದು ಅಲ್ಲ ಅನ್ನುವ ಪಾಠ ನನಗೆ ಯಾವ ಕಚೇರಿಯೂ ಹೇಳಿಕೊಡಬೇಕಾಗಿಲ್ಲ ಎಂದು ತಿಳಿಸಲು ಇದನ್ನು ಹೇಳಿದೆ.

ನಮ್ಮಲ್ಲಿ ಗಡಿಗೆ ಕಲ್ಲು ನೆಡುವ ರೂಢಿ ಇಲ್ಲ. ಮೂಲೆಗೊಂದು ಕೆಂಪೆಲೆಯ ಆಂಡೊಂಗ್ ಗಿಡ ನೆಡುತ್ತೇವೆ. ಎರಡೂ ಮನೆಯವರು ಸೇರಿ ಗುಂಡಿ ತೋಡಿ, ಸೇರಿ ಮಣ್ಣು ಮುಚ್ಚಿ, ಅಲ್ಲೇ ಕೂತು ಬಾಳೆಲೆಯಲ್ಲಿ ಅನ್ನ ಉಣ್ಣುತ್ತಾರೆ. ಆ ಗಿಡ ಕಿತ್ತವನು ಆಮೇಲೆ ಊರಲ್ಲಿ ತಲೆ ಎತ್ತಿ ತಿರುಗುವಂತಿಲ್ಲ. ಇದೇ ಗಿಡವನ್ನು ಸತ್ತವರ ತಲೆಯ ಬಳಿಯೂ ನೆಡುತ್ತೇವೆ. ಯಾವುದು ಗಡಿಯ ಗಿಡ, ಯಾವುದು ಗೋರಿಯ ಗಿಡ ಎಂದು ಇಲ್ಲಿನ ಬಾತುಕೋಳಿಗಳಿಗೂ ಗೊತ್ತು. ತಮ್ಮ ಕಚೇರಿಯ ಹುಡುಗರಿಗೆ ಗೊತ್ತಿರಲಿಲ್ಲ, ಅಷ್ಟೇ.

ನನ್ನ ಜಾಗದ ಪಶ್ಚಿಮಕ್ಕೆ ಊರವರ ಗೋರಿಗಳಿವೆ. ಪೂರ್ವಕ್ಕೆ ಜೊಯೊದಿಕುನ್ ದೊಡ್ಡಪ್ಪನ ಮನೆ. ದೊಡ್ಡಪ್ಪ ಅಂದರೆ ರಕ್ತಸಂಬಂಧವಲ್ಲ, ಬೇಲಿಸಂಬಂಧ. ಎರಡರ ನಡುವೆ ನನ್ನ ಮನೆ, ಅದರ ಪೂರ್ವಕ್ಕೆ ಬೇರೆ ಮಾಡಿನ ಅಡುಗೆಮನೆ, ಅದರ ಬಾಗಿಲಲ್ಲಿ ಬಾವಿ. ಬಾವಿಯ ಆಚೆ ಎರಡು ಮೂಲೆಗೆ ನನ್ನ ಅಪ್ಪನೂ ದೊಡ್ಡಪ್ಪನೂ ಸೇರಿ ನೆಟ್ಟಿದ್ದ ಗಿಡಗಳು ಈಗಿಲ್ಲ. ಒಂದನ್ನು ದೊಡ್ಡಪ್ಪನ ಮೇಕೆ ಬುಡದವರೆಗೂ ತಿಂದಿತು. ಇನ್ನೊಂದನ್ನು ಕೊಂದವಳು ನನ್ನ ಹೆಂಡತಿ ತುಮಿಯೆಮ್. ಅವಳು ಸೋಯಾ ಕಾಳು ಬೇಯಿಸಿ, ಬಾಳೆಲೆಯಲ್ಲಿ ಕಟ್ಟಿ ಹುದುಗಿಸಿ ಟೆಂಪೆ ಮಾಡಿ ಸಂತೆಗೆ ಒಯ್ಯುವವಳು. ಕಾಳು ಬಸಿದ ಬಿಸಿನೀರನ್ನು ದಿನವೂ ಆ ಗಿಡದ ಬುಡಕ್ಕೇ ಸುರಿದಳು. ಬೇರೆ ನೆಡೋಣ ಎಂದು ನಾನು ಹೋದಾಗ ದೊಡ್ಡಪ್ಪ ಕೈಯಾಡಿಸಿಬಿಟ್ಟಿದ್ದರು.

"ಬಿಡೋ ವಾಗಿರಾನ್. ನನ್ನ ಮೇಕೆ ಒಂದು ತಿಂತು, ನಿನ್ನ ಹೆಂಡ್ತಿ ಒಂದನ್ನ ಬೇಯಿಸಿ ಹಾಕಿದಳು. ಲೆಕ್ಕ ಸರಿಹೋಯ್ತು. ನಾನು ಇರೋತನಕ ಗಡಿ ಎಲ್ಲಿ ಅಂತ ನನ್ನನ್ನೇ ಕೇಳು."

ಇದು ನಮ್ಮ ಮೊದಲ ತಪ್ಪು, ಒಪ್ಪಿಕೊಳ್ಳುತ್ತೇನೆ. ಎರಡನೆಯದು ಅಳತೆಯ ದಿನದ್ದು. ತಮ್ಮ ಇಬ್ಬರು ಹುಡುಗರು ಫೋನು, ಟೇಪು ಹಿಡಿದು ಬಂದಾಗ ನಾನು ಮೇಲಿನ ಕಾಲುವೆಯಲ್ಲಿ ಒಡೆದ ಬದು ಕಟ್ಟುತ್ತಿದ್ದೆ. ಊರಲ್ಲಿ ನಾಟಿಯ ಕಾಲ, ಗಂಡಸರು ಹೆಂಗಸರು ಎಲ್ಲ ಕೆಸರಲ್ಲಿ. ಮನೆಯಲ್ಲಿದ್ದವಳು ತುಮಿಯೆಮ್ ಒಬ್ಬಳೇ, ಮೊಣಕೈವರೆಗೂ ಕಾಳಿನ ಸಿಪ್ಪೆ ಮೆತ್ತಿಕೊಂಡು.

"ಅಮ್ಮಾ, ನಿಮ್ಮ ಜಾಗದ ಗಡಿ ಯಾವುದು?"

"ಕೆಂಪೆಲೆ ಗಿಡ ನೋಡ್ಕೊಂಡು ಹೋಗಪ್ಪಾ, ಅದಿರೋ ಕಡೆ ಗಡಿ. ಬಿಸಿಲಲ್ಲಿ ಬಂದಿದೀರ, ಮೊದ್ಲು ಟೀ ಕುಡೀರಿ."

ಹುಡುಗರು ಟೀ ಕುಡಿದರು, ಕೆಂಪೆಲೆ ಗಿಡ ನೋಡಿಕೊಂಡು ಹೋದರು. ಪೂರ್ವದಲ್ಲಿ ಅವರಿಗೆ ಸಿಕ್ಕಿದ್ದು ಅಡುಗೆಮನೆಯ ಈಚೆ ಗೋಡೆಗೆ ಅವಳು ಚಂದಕ್ಕೆಂದು ನೆಟ್ಟ ಗಿಡ. ಅಲ್ಲಿಗೆ ನನ್ನ ಜಾಗ ಮುಗಿಯಿತು. ಪಶ್ಚಿಮದಲ್ಲಿ ನನ್ನ ಬೇಲಿ ದಾಟಿದರೂ ಕೆಂಪೆಲೆ ಕಾಣುತ್ತಲೇ ಇತ್ತು. ಪಾಪ, ಅವರೂ ಬಿಡದೆ ನಡೆದರು. ಕಾಲ ಕೆಳಗೆ ಹೆಸರು ಕೆತ್ತಿದ ಕಲ್ಲುಗಳಿದ್ದವಲ್ಲ, ಮಾನ್ಯರೇ, ಅವನ್ನು ಏನೆಂದುಕೊಂಡರು? ಹನ್ನೊಂದು ಜನ ಸಾಲಾಗಿ ನನ್ನ ಹಿತ್ತಲಲ್ಲಿ ಬಾಡಿಗೆಗಿದ್ದಾರೆಂದೇ?

ಹದಿನಾಲ್ಕು ದಿನ ನಕ್ಷೆಯನ್ನು ಸೂಚನಾ ಫಲಕಕ್ಕೆ ಹಚ್ಚಿದ್ದೆವು, ಆಗ ನೀವು ಬಾಯಿ ಬಿಡಲಿಲ್ಲ ಎಂದು ತಮ್ಮ ಕಚೇರಿ ಹೇಳುತ್ತದೆ. ಹಚ್ಚಿದ್ದು ನಿಜ. ನಾನೂ ಹೋಗಿ ನೋಡಿದೆ. ನಮ್ಮ ಬೀದಿಯ ಅರವತ್ತು ಮನೆಗಳನ್ನು ಒಂದೇ ಹಾಳೆಯಲ್ಲಿ ಅಕ್ಕಿಕಾಳಿನಷ್ಟು ಮಾಡಿ ಗಾಜಿನ ಹಿಂದೆ ಇಟ್ಟಿದ್ದರು. ನನ್ನ ಅಕ್ಕಿಕಾಳು ಇದ್ದ ಕಡೆ ಇತ್ತು. ಅದು ಹೆಂಡತಿಯ ಒಲೆ ಬಿಟ್ಟು ನನ್ನ ಅಜ್ಜನ ತಲೆಯ ಕಡೆ ಜರುಗಿದೆ ಎಂದು ಯಾವ ಕಣ್ಣಿಗೆ ಕಾಣಬೇಕು? ಜಾಗದ ಹಕ್ಕುಪತ್ರ ಹಂಚಿದ ದಿನ ಎಲ್ಲರಂತೆ ನಾನೂ ಅದನ್ನು ತಲೆಯ ಮೇಲೆ ಎತ್ತಿ ಹಿಡಿದು ಹಲ್ಲುಕಿರಿದು ಫೋಟೋ ತೆಗೆಸಿಕೊಂಡೆ. ಆ ಫೋಟೋ ತಮ್ಮ ಕಚೇರಿಯ ಗೋಡೆಯ ಮೇಲಿದೆಯಂತೆ. ಮನೆಗೆ ಬಂದು ಬಿಡಿಸಿ ಹಾಸಿದಾಗ ತುಮಿಯೆಮ್ ಬೆರಳಿಟ್ಟು ಹುಡುಕಿದಳು.

"ರೀ, ಇದ್ರಲ್ಲಿ ನನ್ನ ಒಲೆ ಎಲ್ಲಿದೆ?"

ನಾನೂ ಹುಡುಕಿದೆ. ಈಗಲೂ ಹುಡುಕುತ್ತಿದ್ದೇನೆ.

ಸುದ್ದಿ ಊರಲ್ಲಿ ಹಬ್ಬಲು ಎಷ್ಟು ಹೊತ್ತು! ಉಪವಾಸದ ತಿಂಗಳಿಗೆ ಮುಂಚೆ ಊರೆಲ್ಲ ಸೇರಿ ಗೋರಿ ಗುಡಿಸಿ, ಹೂವು ಹಾಕಿ, ಒಟ್ಟಿಗೆ ಊಟ ಮಾಡುವ ದಿನ ಬಂತು. ಬೆಳಗಾಗೆದ್ದು ಬಾಗಿಲು ತೆಗೆದರೆ ಅಂಗಳದ ತುಂಬ ಪೊರಕೆ ಹಿಡಿದ ಜನ.

"ಒಡೆಯರೇ, ನಮ್ಮಜ್ಜಿ ಗೋರಿ ಗುಡಿಸ್ಬೇಕಿತ್ತು, ಅಪ್ಪಣೆ ಆಗುತ್ತಾ?"

"ನಮ್ಮ ತಾತ ಜಾಸ್ತಿ ಜಾಗ ಹಿಡ್ಕೊಂಡಿದಾರೆ, ಸ್ವಲ್ಪ ಸರಿಸಿ ಮಲಗಿಸ್ಲಾ?"

ನಕ್ಕೆ, ಮಾನ್ಯರೇ. ಅವರೊಡನೆ ಸೇರಿ ನಾನೂ ನಕ್ಕೆ. ಬೇರೆ ಏನು ಮಾಡಲಿ? ತುಮಿಯೆಮ್ ನಗಲಿಲ್ಲ. ಗಡಿ ತೋರಿಸಿದವಳು ತಾನು ಎಂದು ಅವಳು ಆ ದಿನದಿಂದ ತನ್ನನ್ನೇ ಬೈದುಕೊಳ್ಳುತ್ತಾಳೆ. "ಕೈ ತೊಳ್ಕೊಂಡು ಹತ್ತು ಹೆಜ್ಜೆ ಅವರ ಜೊತೆ ಹೋಗಿದ್ರೆ ಆಗಿತ್ತು" ಎನ್ನುತ್ತಾಳೆ. ದಿನಕ್ಕೆ ಎಷ್ಟು ಸಲ ಎನ್ನುತ್ತಾಳೆ ಎಂದು ತಾವು ಬಂದು ಎಣಿಸಬೇಕು.

ತಿದ್ದುಪಡಿಗೆ ಗಡಿಯ ಆಚೆಯವನು ಖುದ್ದಾಗಿ ಬಂದು ಒಪ್ಪಿಗೆಯ ಹೆಬ್ಬೆಟ್ಟು ಒತ್ತಬೇಕು ಎಂದರು ತಮ್ಮವರು. ಜೊಯೊದಿಕುನ್ ದೊಡ್ಡಪ್ಪನಿಗೆ ಎಂಬತ್ತಾರು ವರ್ಷ. ಕೇಳಿದ್ದೇ ತಡ ಒಳಗೆ ಹೋಗಿ ಒಳ್ಳೆಯ ಬಾತಿಕ್ ಅಂಗಿ ಹಾಕಿಕೊಂಡು ಬಂದರು. ಅವರನ್ನು ಮೋಟಾರ್ ಸೈಕಲ್ಲಿನ ಹಿಂದೆ ಕೂರಿಸಿ, ಬೀಳದ ಹಾಗೆ ತುಮಿಯೆಮ್‌ಳ ಹೊದಿಕೆಯಿಂದ ನನ್ನ ಸೊಂಟಕ್ಕೆ ಕಟ್ಟಿಕೊಂಡು ತಮ್ಮ ಕಚೇರಿಯವರೆಗೆ ಮೂರು ಗಂಟೆ ಓಡಿಸಿದೆ. ಹೆಬ್ಬೆಟ್ಟಿನ ಯಂತ್ರದ ಮೇಲೆ ಅವರು ಬೆರಳಿಟ್ಟರೆ ಅದು ಕೀಂಯ್ ಅಂದಿತು. ಇನ್ನೊಂದು ಬೆರಳು, ಮತ್ತೆ ಕೀಂಯ್. ಹತ್ತೂ ಬೆರಳು ಮುಗಿದವು.

"ಅಜ್ಜಾ, ನಿಮ್ಮ ಬೆರಳಲ್ಲಿ ಗೆರೆನೇ ಇಲ್ಲ" ಎಂದಳು ಕೌಂಟರಿನ ಹುಡುಗಿ.

"ಇತ್ತಮ್ಮಾ. ಗುದ್ದಲಿ ಕಾವಿಗೆ ಹೋಯ್ತು. ಅಲ್ಲ ಕಣಮ್ಮ, ಬೆರಳ್ಯಾಕೆ, ಮನುಷ್ಯ ಇಲ್ಲೇ ಕೂತಿದೀನಲ್ಲ. ಆ ಬಾವಿ ಇವನದು, ನಂದಲ್ಲ. ಇವನಪ್ಪ ತೋಡುವಾಗ ಮಣ್ಣು ಹೊತ್ತವನು ನಾನೇ. ಬರ್ಕೋ."

"ಹಾಗೆ ಬರೆಯಕ್ಕಾಗಲ್ಲ ಅಜ್ಜ. ಅಧಿಕಾರಿಗಳೇ ನಿಮ್ಮ ಮನೆಗೆ ಬಂದು ಹೇಳಿಕೆ ತಗೋತಾರೆ. ಚೀಟಿ ಕೊಡ್ತೀನಿ, ಇಪ್ಪತ್ಮೂರು ದಿನ ಆದ್ಮೇಲೆ."

ಆ ಹುಡುಗಿಯನ್ನು ನಾನು ಬೈಯುವುದಿಲ್ಲ. ನಮಗೆ ಕುಡಿಯಲು ನೀರು ಕೊಟ್ಟವಳು ಅವಳೊಬ್ಬಳೇ. ಆದರೆ ಆ ಇಪ್ಪತ್ಮೂರು ದಿನ ಯಾರ ಲೆಕ್ಕದ್ದು? ಎಂಬತ್ತಾರರ ಮುದುಕನಿಗೆ ಅಷ್ಟು ದಿನ ಕೈಯಲ್ಲಿದೆ ಎಂದು ಯಾರು ಖಾತರಿ ಕೊಟ್ಟರು? ದೊಡ್ಡಪ್ಪ ಚೀಟಿಯನ್ನು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡರು. ದಿನವೂ ಸಂಜೆ ಬಾವಿಕಟ್ಟೆಯ ಹತ್ತಿರ ಬಂದು "ಬಂದ್ರೇನೋ ನಿನ್ನ ಸಾಹೇಬ್ರು?" ಎಂದು ಕೇಳಿ ಹೋಗುವರು. ಹೇಳಿದ ದಿನ ಬೆಳಗ್ಗೆಯೇ ಸ್ನಾನ ಮಾಡಿ ಅದೇ ಅಂಗಿ ತೊಟ್ಟು ಜಗಲಿಯಲ್ಲಿ ಕೂತರು. ತುಮಿಯೆಮ್ ಅಧಿಕಾರಿಗಳಿಗೆಂದು ಟೆಂಪೆ ಕರಿದಿಟ್ಟಿದ್ದಳು. ಸಂಜೆ ಆ ಟೆಂಪೆಯನ್ನು ನಾವು ಮೂವರೇ ತಿಂದೆವು. ಆಮೇಲೂ ಯಾರೂ ಬರಲಿಲ್ಲ. ಅದಾದ ಎಂಟನೆಯ ದಿನ ದೊಡ್ಡಪ್ಪ ಬಾಳೆಗೊನೆ ಕಡಿಯಲು ಹೋದವರು ಗಿಡದ ಬುಡದಲ್ಲೇ ಕೂತು, ಕೂತ ಹಾಗೆಯೇ ಹೋಗಿಬಿಟ್ಟರು. ಜೇಬಿನಲ್ಲಿ ತಮ್ಮ ಕಚೇರಿಯ ಚೀಟಿ ಇತ್ತು.

ಅಂದು ಮಧ್ಯಾಹ್ನ ಊರಿನ ಮುಖ್ಯಸ್ಥ ನಮ್ಮ ಬಾಗಿಲಿಗೆ ಬಂದು ನಿಂತ. ಮುಖ ಎತ್ತಲೊಲ್ಲ.

"ವಾಗಿರಾನಣ್ಣ, ಬೇಜಾರು ಮಾಡ್ಕೋಬೇಡ. ಅವರ ಮನೆಯವರೆಲ್ಲ ಇರೋ ಸಾಲು ಈಗ ನಿನ್ನ ಪತ್ರದೊಳಗಿದೆ. ಹೂಳೋಕೆ ಜಾಗದ ಮಾಲೀಕನ ಒಪ್ಪಿಗೆ ಅಂತ ಒಂದು ಕಾಗದ ಇಲ್ದೇ ಇದ್ರೆ ನಾಳೆ ನನ್ನನ್ನೇ ಕೇಳ್ತಾರೆ."

ಬರೆದುಕೊಟ್ಟೆ. ನಾನು ಹುಟ್ಟಿದಾಗ ಎತ್ತಿ ಆಡಿಸಿದವರು ತಮ್ಮ ಹೆಂಡತಿಯ ಪಕ್ಕದಲ್ಲಿ ಮಲಗಲು ನಾನು ಅನುಮತಿ ಪತ್ರ ಬರೆದುಕೊಟ್ಟೆ, ಮಾನ್ಯರೇ. ಆ ಹೊತ್ತಿನ ನಾಚಿಕೆ ಇನ್ನೂ ಹೋಗಿಲ್ಲ. ಹನ್ನೊಂದಿದ್ದ ನನ್ನ ಆಸ್ತಿ ಅಂದು ಹನ್ನೆರಡಾಯಿತು.

ದೊಡ್ಡಪ್ಪನಿಗೆ ಮಕ್ಕಳಿಲ್ಲ. ಎಲ್ಲವೂ ಅವರ ತಮ್ಮನ ಮಗ ಹರ್ತಾಂತೊಗೆ ಬಂತು. ಅವನು ಸೊಲೊ ನಗರದಲ್ಲಿ ಹಳೇ ಮೋಟಾರ್ ಸೈಕಲ್ ಮಾರುವವನು, ಕೆಟ್ಟವನಲ್ಲ. ಏಳನೇ ದಿನದ ಪ್ರಾರ್ಥನೆಯ ಊಟ ಮುಗಿದ ಮೇಲೆ ನನ್ನ ಪಕ್ಕ ಬಂದು ಕೂತ.

"ಚಿಕ್ಕಪ್ಪ, ಬಾವಿ ನಿಮ್ದು ಅಂತ ನನಗೇನು ಗೊತ್ತಿಲ್ವಾ? ಚಿಕ್ಕವನಿದ್ದಾಗ ಅದರಲ್ಲಿ ಬಿದ್ದು ನಿಮ್ಮ ಕೈಲೇ ಹೊಡೆಸ್ಕೊಂಡಿದೀನಿ. ಆದ್ರೆ ದೊಡ್ಡಪ್ಪನ ಜಾಗ ಕೊಳ್ಳೋನು ಕೋಳಿಶೆಡ್ ಹಾಕ್ತಾನಂತೆ, ಅವನಿಗೆ ನೀರೇ ಮುಖ್ಯ. ಅವನು ಪತ್ರ ನೋಡ್ತಾನೆ, ನನ್ನ ಮುಖ ನೋಡಲ್ಲ."

"ಎಷ್ಟು ದಿನ ತಡೀತೀಯ?"

"ನಲವತ್ತನೇ ದಿನದ ಊಟ ಆಗೋವರೆಗೆ. ಅಷ್ಟರಲ್ಲಿ ಕಚೇರಿಯವರು ತಿದ್ದಿಕೊಟ್ರೆ ನಾನೇ ಖುಷಿಯಿಂದ ಸಹಿ ಹಾಕ್ತೀನಿ, ದೊಡ್ಡಪ್ಪನಾಣೆ. ಇಲ್ದಿದ್ರೆ ನನ್ನನ್ನ ಬೈಬೇಡಿ."

ಬೈಯಲಿಲ್ಲ. ಅವನ ಕಡೆಯಿಂದಲೂ ತಮಗೆ ಅರ್ಜಿ ಬರೆಸಿದೆ. ಅವನ ಅರ್ಜಿಗೆ ಮಾತ್ರ ತಮ್ಮ ಕಚೇರಿಯ ಉತ್ತರ ಫೋನಿನಲ್ಲಿ ಬಂತು: ಗಡಿಯ ಮೂಲ ಸಾಕ್ಷಿಯ ಹೇಳಿಕೆ ಇನ್ನೂ ದಾಖಲಾಗಿಲ್ಲವಂತೆ, ಅವರನ್ನು ಹಾಜರುಪಡಿಸಬೇಕಂತೆ.

ದೊಡ್ಡಪ್ಪ ಹೋಗಿ ಇಂದಿಗೆ ಮೂವತ್ತೊಂದು ದಿನ. ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಮನೆಯ ಬಾಗಿಲಿಂದ ಬಾವಿಗೆ ಹದಿನೇಳು ಹೆಜ್ಜೆ. ಹೋಗುತ್ತೇನೆ, ಬರುತ್ತೇನೆ, ಮತ್ತೆ ಎಣಿಸುತ್ತೇನೆ, ನಿನ್ನೆಗಿಂತ ಕಡಿಮೆಯಾಗಿದೆಯೇನೋ ಅನ್ನುವವನ ಹಾಗೆ. ಈ ಪತ್ರ ಬರೆಯುವಾಗಲೂ ನಾಲ್ಕು ಸಲ ಎದ್ದು ಹೋಗಿ ಬಂದಿದ್ದೇನೆ. ತುಮಿಯೆಮ್ ಕಾಳು ನೆನೆಹಾಕುವ ಕೊಳಗವನ್ನು ನಡುಮನೆಗೆ ತಂದಿಟ್ಟುಕೊಂಡಿದ್ದಾಳೆ. ನೀರು ಸೇದುವ ಮುಂಚೆ ದೊಡ್ಡಪ್ಪನ ಖಾಲಿ ಮನೆಯ ಕಡೆ ತಿರುಗಿ "ಒಂದು ಕೊಡ ತಗೋತೀನಿ" ಎಂದು ಹೇಳುತ್ತಾಳೆ. ಮೊದಲ ದಿನ ತಮಾಷೆ ಮಾಡುತ್ತಾಳೆ ಅಂದುಕೊಂಡೆ. ತಮಾಷೆಯಲ್ಲ. ಮೂವತ್ತೆಂಟು ವರ್ಷ ಬೆಂಕಿ ಹಾಕಿದ ಒಲೆಯ ಮುಂದೆ ಅವಳು ಈಗ ನೆಂಟರ ಮನೆಗೆ ಬಂದವಳ ಹಾಗೆ ಅಂಚಿನಲ್ಲಿ ಕೂರುತ್ತಾಳೆ. ನನಗೆ ಸಿಟ್ಟು ಬರುತ್ತದೆ, ಅಳುವೂ ಬರುತ್ತದೆ. ಯಾವುದು ಮೊದಲು ಬರುತ್ತದೆ ಎಂದು ಹೇಳಲಾರೆ.

ಆದ್ದರಿಂದ ಮಾನ್ಯರೇ, ನನ್ನ ಬೇಡಿಕೆ ದೊಡ್ಡದಲ್ಲ. ಪರಿಹಾರ ಬೇಡ, ಕ್ಷಮೆ ಬೇಡ, ಹುಡುಗರಿಗೆ ಶಿಕ್ಷೆಯಂತೂ ಬೇಡವೇ ಬೇಡ. ಅವರು ನಮ್ಮ ಮನೆಯ ಟೀ ಕುಡಿದವರು. ನಲವತ್ತನೇ ದಿನಕ್ಕೆ ಮುಂಚೆ ತಾವೇ ಟೇಪು ಹಿಡಿದು ಬನ್ನಿ. ಈ ಸಲ ನಾನು ಮನೆಯಲ್ಲೇ ಇರುತ್ತೇನೆ, ತುಮಿಯೆಮ್ ಕೈ ತೊಳೆದುಕೊಂಡು ತಮ್ಮ ಜೊತೆ ಮೂಲೆಮೂಲೆಗೂ ಬರುತ್ತಾಳೆ. ಹನ್ನೆರಡು ಗೋರಿಗಳನ್ನು ಊರಿಗೆ ಹಿಂದಿರುಗಿಸಿ, ಒಂದು ಒಲೆಯನ್ನು ಅವಳಿಗೆ ಹಿಂದಿರುಗಿಸಿ.

ಇನ್ನು ಮೂಲ ಸಾಕ್ಷಿಯನ್ನು ಹಾಜರುಪಡಿಸುವ ವಿಷಯ. ಅವರು ಹಾಜರಿದ್ದಾರೆ. ತಮ್ಮದೇ ಪತ್ರದ ಪ್ರಕಾರ ನನ್ನ ಜಾಗದಲ್ಲೇ, ಬೇಲಿಯಿಂದ ಒಂಬತ್ತು ಹೆಜ್ಜೆಗೆ, ಹೆಂಡತಿಯ ಎಡಕ್ಕೆ ಮಲಗಿದ್ದಾರೆ. ಅವರ ತಲೆಯ ಬಳಿ ಮೊನ್ನೆ ನಾನೇ ಒಂದು ಕೆಂಪೆಲೆ ಗಿಡ ನೆಟ್ಟು ಬಂದೆ. ದಯವಿಟ್ಟು ತಮ್ಮ ಹುಡುಗರಿಗೆ ಹೇಳಿ, ಅದು ಗಡಿಯಲ್ಲ.

ಇಂತಿ,
ಹನ್ನೆರಡು ಗೋರಿಗಳ ಒಡೆಯ, ಹೆಂಡತಿಯ ಅಡುಗೆಮನೆಯಲ್ಲಿ ಪರರ ಅತಿಥಿ,
ವಾಗಿರಾನ್
ಮಾಜಿ ನೀರಗಂಟಿ, ಸುಂಬರ್ಲೊ