ನೂರಿಪ್ಪತ್ತೆಂಟನೇ ಅಂಗಿಗೆ ಉತ್ತರ ಕೊಡಿ

ಮಾನ್ಯ ಆಟಗಾರರ ಆಯ್ಕೆ ವಿಭಾಗದ ಮುಖ್ಯಸ್ಥರೇ,

ನಿಮ್ಮ ಬೇಸ್‌ಬಾಲ್ ಕ್ಲಬ್ಬು ನನ್ನ ಮಗ ಸುಮಂತನನ್ನು ಆಟಗಾರನೆಂದು ಕರೆದೊಯ್ದು ಚೆಂಡು ಹೆಕ್ಕಲು ಇಟ್ಟುಕೊಂಡಿದೆ. ಅವನು ಮೇಲಿನ ತಂಡಕ್ಕೆ ಏರುವುದಿಲ್ಲವೆಂದು ನಿಮಗೆ ಗೊತ್ತು. ಗೊತ್ತಿದ್ದೂ ಬಾಯಿ ಬಿಡುತ್ತಿಲ್ಲ. ನನ್ನ ತಕರಾರು ಇಷ್ಟೇ, ಉಳಿದದ್ದೆಲ್ಲ ಸಾಕ್ಷ್ಯ.

ಮೂರು ವರ್ಷದ ಹಿಂದೆ, ಅವನು ವಿಶ್ವವಿದ್ಯಾಲಯದ ಕೊನೆಯ ವರ್ಷದಲ್ಲಿದ್ದಾಗ, ಹೊಸ ಆಟಗಾರರನ್ನು ಆರಿಸುವ ಕಟ್ಟಕಡೆಯ ಸುತ್ತಿನಲ್ಲಿ ಅವನ ಹೆಸರು ಕೂಗಿದಿರಿ. ಕ್ಲಬ್ಬಿನ ಟೋಪಿ ಹಿಡಿದು ಜಪಾನಿನ ಒಕಾಜಾಕಿಯ ನಮ್ಮ ಮನೆಗೆ ನೀವೇ ಬಂದಿರಿ. ಬಾಗಿಲಲ್ಲಿ ಸೊಂಟದವರೆಗೆ ಬಾಗಿ, ಏಳಲೇ ಇಲ್ಲ. ಕಾರ್ ಕಾರ್ಖಾನೆಯಲ್ಲಿ ಎಂಜಿನಿಯರಾಗಿರುವ ನನ್ನ ಗಂಡ ನಟರಾಜ ಕರಗಿಹೋದರು. "ಅಷ್ಟು ಹೊತ್ತು ತಲೆ ಬಗ್ಗಿಸಿದೋರು ಕೈ ಬಿಡ್ತಾರೇನೇ?" ಅಂದರು. ನಮ್ಮೂರಲ್ಲಿ ವೋಟು ಕೇಳುವವರೂ ಹೀಗೇ ಬಾಗುತ್ತಾರೆ ಕಣ್ರೀ ಅನ್ನಬೇಕಿತ್ತು ನಾನು. ಬೀದಿಯಲ್ಲಿ ಧಿಕ್ಕಾರ ಕೂಗಿ ಬೆಳೆದವಳು ಅಂದು ಕಾಫಿ ಮಾಡಲು ಒಳಗೆ ಹೋದೆ! ನಿಮ್ಮ ದೇಶದಲ್ಲಿ ಬಾಗುವುದು ಬರೀ ಬಾಗುವುದು, ಅದು ಕೊಟ್ಟ ಮಾತಲ್ಲ ಎಂದು ಇಪ್ಪತ್ತು ವರ್ಷ ಇಲ್ಲಿದ್ದೂ ನಾವು ಕಲಿತಿರಲಿಲ್ಲ. ಕಾರ್ಖಾನೆಯೊಂದರ ತಂಡ ಅವನಿಗೆ ಕೆಲಸವನ್ನೂ ಆಟವನ್ನೂ ಒಟ್ಟಿಗೆ ಕೊಡುತ್ತಿತ್ತು. ನಿಮ್ಮ ಬೆನ್ನು ನೋಡಿ ಅದನ್ನು ಬಿಟ್ಟೆವು.

ನೀವು ಕೊಟ್ಟ ಅಂಗಿಯ ಸಂಖ್ಯೆ ನೂರಿಪ್ಪತ್ತೆಂಟು. ಮೂರಂಕಿಯ ಅಂಗಿ ತೊಟ್ಟವನು ಮುಖ್ಯ ತಂಡದ ಪಂದ್ಯಕ್ಕೆ ಇಳಿಯುವಂತಿಲ್ಲ. ಅಂಗಿಯಲ್ಲೇ ಜಾತಿ ಹೊಲಿಯುವ ಈ ವಿದ್ಯೆಯನ್ನು ನಮ್ಮವರೂ ನಿಮ್ಮಿಂದ ಕಲಿಯಬೇಕು. ಎರಡನೇ ತಂಡದಲ್ಲಾದರೂ ಆಡಿಸಿದಿರಾ? ಎರಡೂವರೆ ವರ್ಷದಲ್ಲಿ ಅವನು ಬ್ಯಾಟು ಹಿಡಿದು ನಿಂತದ್ದು ಮೂವತ್ತೊಂದು ಸಲ. ಕಳೆದ ತಿಂಗಳು ನಿಮ್ಮ ಅಭ್ಯಾಸದ ಮೈದಾನಕ್ಕೆ ಬಂದಿದ್ದೆ. ಮೊದಲ ಸುತ್ತಿನಲ್ಲಿ ಆರಿಸಿದ ನಿಮ್ಮ ಮುದ್ದಿನ ಹುಡುಗ ಮಂಡಿಗೆ ಪಟ್ಟಿ ಕಟ್ಟಿಕೊಂಡು ಹೊಡೆಯುತ್ತಿದ್ದ. ನನ್ನ ಮಗ ಬಿಸಿಲಲ್ಲಿ ಆ ಚೆಂಡುಗಳ ಹಿಂದೆ ಓಡುತ್ತಿದ್ದ, ಎರಡು ಗಂಟೆ.

"ನಿನ್ನ ಸರದಿ ಯಾವಾಗಲೋ?" ಎಂದು ಬೇಲಿಯಾಚೆಯಿಂದ ಕೂಗಿದೆ.

"ಅಮ್ಮಾ, ಪ್ಲೀಸ್, ಕೂಗ್ಬೇಡ. ಕೋಚ್ ನೋಡ್ತಿದಾರೆ. ಇದೂ ಪ್ರಾಕ್ಟೀಸೇ."

"ಯಾರ ಪ್ರಾಕ್ಟೀಸು?"

ಅವನು ನನ್ನ ಪರವಾಗಿ ಕೋಚಿಗೆ "ಸುಮಿಮಾಸೆನ್" ಎಂದು ಕ್ಷಮೆ ಕೇಳಿ, ಮುಂದಿನ ಚೆಂಡಿಗೆ ಓಡಿದ.

ನನ್ನ ಮಗ ಮಹಾಪ್ರತಿಭೆ ಎಂದು ವಾದಿಸಲು ಬಂದಿಲ್ಲ. ಅವನ ಓಟ ಚೆನ್ನ, ಎಸೆತ ಚೆನ್ನ. ಆದರೆ ಎದೆಯ ಹತ್ತಿರ ಬರುವ ವೇಗದ ಚೆಂಡಿಗೆ ಅವನ ಬ್ಯಾಟು ತಡವಾಗುತ್ತದೆ, ಇನ್ನು ಸರಿಹೋಗುವುದೂ ಇಲ್ಲ. ಇದು ನಿಮಗೆ ಗೊತ್ತು, ಕೋಚಿಗೆ ಗೊತ್ತು, ಎರಡನೇ ತಂಡದ ಪಂದ್ಯಕ್ಕೆ ಟೀವಿಯ ಮುಂದೆ ಕೂತ ನನಗೂ ಗೊತ್ತಾಗಿದೆ. ಗೊತ್ತಿಲ್ಲದವನು ಅವನೊಬ್ಬನೇ. ಆ ಆಸೆಯೇ ತಾನೇ ನಿಮ್ಮ ಬಂಡವಾಳ? ಆಸೆ ಸತ್ತವನು ಇನ್ನೊಬ್ಬನ ಚೆಂಡಿನ ಹಿಂದೆ ಹೀಗೆ ಓಡುತ್ತಾನೆಯೇ?

ಅಂದು ನಾವು ಕೈಬಿಟ್ಟ ಕಾರ್ಖಾನೆಯ ತಂಡ ಮತ್ತೆ ಕರೆದಿದೆ. ಆಗಸ್ಟ್ ಮುಗಿಯುವವರೆಗೆ ಮಾತ್ರ ಜಾಗ ಇಡುತ್ತಾರಂತೆ. ನೀವೋ, ಪಂದ್ಯಗಳೆಲ್ಲ ಮುಗಿದ ಮೇಲೆ ಅಕ್ಟೋಬರಿನಲ್ಲಿ ಫೋನ್ ಮಾಡುವವರು: "ನಾಳೆ ಸೂಟು ಹಾಕಿಕೊಂಡು ಆಫೀಸಿಗೆ ಬಾ." ಕೈಬಿಟ್ಟವರನ್ನೆಲ್ಲ ನೀವು ಕರೆಯುವುದು ಹಾಗೆಯೇ. ಹೆಣಕ್ಕೂ ಹೊಸ ಬಟ್ಟೆ ಬೇಕಲ್ಲ! ಅಷ್ಟರಲ್ಲಿ ಆ ಬಾಗಿಲೂ ಮುಚ್ಚಿರುತ್ತದೆ.

ಆದ್ದರಿಂದ ಆಗಸ್ಟ್ ಮೂವತ್ತೊಂದರೊಳಗೆ ಅವನನ್ನು ಕೂರಿಸಿಕೊಂಡು, ಬಾಗದೆ, ಮುಖ ನೋಡಿ ಹೇಳಿ: ನಿನ್ನಿಂದ ಆಗುವುದಿಲ್ಲ ಮಗು, ಹೋಗು. ಈ ಬಹಿರಂಗ ಪತ್ರದ ಜಪಾನಿ ಅನುವಾದ ನಿಮ್ಮ ಕಚೇರಿಗೆ ತಲುಪಿದೆ. ಸುಮಂತನಿಗೆ ಕನ್ನಡ ಓದಲು ಬರುವುದಿಲ್ಲ, ಅದಕ್ಕೇ ಇಲ್ಲಿ ಇಷ್ಟು ಬರೆಯುವ ಧೈರ್ಯ ಬಂತು. ಆದರೆ ಕೇಳಿದರೆ ಅರ್ಥವಾಗುತ್ತದೆ. ನೀವು ಹೇಳದಿದ್ದರೆ ಅವನನ್ನು ಎದುರು ಕೂರಿಸಿಕೊಂಡು ನಾನೇ ಓದುತ್ತೇನೆ, ಬ್ಯಾಟು ತಡವಾಗುವ ಸಾಲನ್ನೂ ಸೇರಿಸಿ. ತಾಯಿ ಆಡಬಾರದ ಮಾತದು. ಆಡಬೇಕಾದವರು, ಸ್ವಾಮಿ, ನೀವು.

ಇಂತಿ,
ನಿಮ್ಮ ಬಾಗಿದ ಬೆನ್ನಿಗೆ ಕಾಫಿ ಕೊಟ್ಟ ತಪ್ಪಿತಸ್ಥೆ,
ನೀರಜಾ, ಒಕಾಜಾಕಿ