ಹಪ್ಪಳದ ಡಬ್ಬಿಯ ನಲವತ್ತೊಂದು ಅರ್ಜಿ

ಹಾಸ್ಟೆಲು, ಮೈಸೂರು
೧೫ ಮಾರ್ಚ್ ೧೯೭೩, ಗುರುವಾರ

ಪ್ರೀತಿಯ ಅವ್ವನಿಗೆ, ನಿನ್ನ ಸುನಂದ ಮಾಡುವ ನಮಸ್ಕಾರ.

ಹೊಟ್ಟೆ ತುಂಬ ಉಣ್ಣುತ್ತಿದ್ದೇನೆ, ತಲೆಗೆ ಎಣ್ಣೆ ಹಚ್ಚುತ್ತಿದ್ದೇನೆ, ಸಣ್ಣಬೀರಯ್ಯನ ಕೈಲಿ ನೀನು ಕಳಿಸಿದ ಚಟ್ನಿಪುಡಿ ತಲುಪಿತು. ನೀನು ಕೇಳುವ ಮೂರು ಪ್ರಶ್ನೆಗೂ ಉತ್ತರ ಆಯಿತು. ಇನ್ನು ನಾನು ಕೇಳುವುದಿದೆ.

ಈ ಕಾಗದವನ್ನು ನೀನು ಅಪ್ಪನಿಗೆ ಓದಿ ಹೇಳುತ್ತೀಯ ಎಂದು ನನಗೆ ಗೊತ್ತು. ಮೊದಲೆಲ್ಲ ಅಪ್ಪ ನನ್ನ ಕಾಗದಗಳನ್ನು ತಾವೇ ಓದಿ, ತಪ್ಪಿದ್ದ ಕಡೆ ಕೆಂಪು ಗೆರೆ ಎಳೆದಿಟ್ಟು, ನಾನು ರಜೆಗೆ ಬಂದಾಗ ಮುಂದೆ ಹಿಡಿಯುತ್ತಿದ್ದರು. ಎರಡು ವರ್ಷದಿಂದ ಒಂದು ಗೆರೆಯೂ ಬಿದ್ದಿಲ್ಲ. ನನ್ನ ಬರವಣಿಗೆ ಸುಧಾರಿಸಿತು ಎಂದು ಬೀಗಿಕೊಂಡಿದ್ದೆ. ಎಂಥ ಪೆದ್ದಿ ನಾನು.

ಹೋದ ತಿಂಗಳು ಮೂರು ವಾರ ಮನೆಯಲ್ಲಿದ್ದು ದಿನವೂ ಅಪ್ಪನ ಕಂಪನಿಗೆ ಹೋಗಿ ಬಂದೆನಲ್ಲ. ಅದೇನು ಸಂಶೋಧನೆ ಎಂದು ನೀನು ಕೇಳಿದಾಗ, ನಿನಗೆ ಅರ್ಥವಾಗೋದಲ್ಲ ಬಿಡವ್ವ ಎಂದುಬಿಟ್ಟೆ. ಅದಕ್ಕೆ ಕ್ಷಮೆ ಕೇಳುತ್ತೇನೆ. ಈಗ ಹೇಳುತ್ತೇನೆ, ಕೇಳು. ಹೊಗೆಸೊಪ್ಪು ಬೆಳೆಯುವವರು ಪ್ರತಿ ವರ್ಷ ಯುಗಾದಿಯೊಳಗೆ ಕಂಪನಿಯಲ್ಲಿ ಹೆಸರು ನೋಂದಾಯಿಸಬೇಕು ಎಂಬುದು ನಿನಗೆ ಗೊತ್ತೇ ಇದೆ. ನೋಂದಾಯಿಸಿದವರಿಗೆ ಬೀಜ ಸಿಗುತ್ತದೆ, ಅವರ ಸೊಪ್ಪನ್ನು ಕಂಪನಿ ಕೊಳ್ಳುತ್ತದೆ. ಉಳಿದವರ ಸೊಪ್ಪನ್ನು ಯಾರೂ ಮೂಸುವುದಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೋಟೆ ಕಡೆಯಿಂದ ಬರುವ ಅರ್ಜಿ ಒಂದು ಮೇಜಿನಿಂದ ಇನ್ನೊಂದಕ್ಕೆ ಹೇಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ, ಯಾಕೆ ನಿಲ್ಲುತ್ತದೆ ಎಂದು ನೋಡುವುದೇ ನನ್ನ ಕೆಲಸವಾಗಿತ್ತು. ಬೆಂಗಳೂರಿನ ಹೆಡ್ಡಾಫೀಸಿಗೆ ಹೊಸ ಮಿಷನ್ ಬರುತ್ತದಂತೆ. ಒಬ್ಬ ರೈತನಿಗೆ ಒಂದು ಕಾರ್ಡು. ಅರ್ಜಿ ಒಪ್ಪಿದ್ದರೆ ಕಾರ್ಡಿನ ಒಂದು ಕಡೆ ತೂತು, ಬಿಟ್ಟಿದ್ದರೆ ಇನ್ನೊಂದು ಕಡೆ. ಮಿಷನ್ ತೂತು ನೋಡಿ ಪಟ್ಟಿ ಮಾಡುತ್ತದೆ. ಅದು ಬರುವ ಮೊದಲು ಕಚೇರಿಯ ದಾರಿ ನೇರ ಮಾಡಿಕೊಡಿ ಎಂದು ಕಂಪನಿ ನಮ್ಮ ಪ್ರೊಫೆಸರನ್ನು ಕೇಳಿತು. ಅವರು ನನ್ನನ್ನು ಅಟ್ಟಿದರು.

ಒಂದು ದೊಡ್ಡ ಹಾಳೆಯ ಮೇಲೆ ನಕ್ಷೆ ಬರೆದೆ. ಕಾಗದ ನಡೆದರೆ ಬಾಣ, ಅದರ ಮೇಲೆ ಕೆಲಸವಾದರೆ ಸೊನ್ನೆ, ಸುಮ್ಮನೆ ಕೂತರೆ ತ್ರಿಕೋನ. ಒಟ್ಟು ಐದು ಮೇಜು. ನಾಲ್ಕನೆಯದು ಅಪ್ಪನದು. ಎಲ್ಲ ದಾಖಲೆ ಇದೆಯೇ ಎಂದು ನೋಡಿ, ‘ಒಪ್ಪಬಹುದು’ ಇಲ್ಲವೇ ‘ಬಿಡಬಹುದು’ ಎಂದು ಚೀಟಿ ಬರೆದು, ಗುಂಡುಸೂಜಿ ಚುಚ್ಚಿ ಮ್ಯಾನೇಜರಿಗೆ ಕಳಿಸುವುದು ಅವರ ಕೆಲಸ. ಈ ಸಲ ಬಂದ ಆರುನೂರ ಹನ್ನೆರಡು ಅರ್ಜಿಗಳಲ್ಲಿ ಐನೂರ ಎಪ್ಪತ್ತೊಂದು ಮೂರನೆಯ ದಿನಕ್ಕೆ ಅಪ್ಪನ ಮೇಜು ದಾಟಿವೆ. ನಲವತ್ತೊಂದು ಅಲ್ಲೇ ಉಳಿದಿವೆ, ಕೆಲವಂತೂ ಸಂಕ್ರಾಂತಿಯಿಂದ. ಮೇಜಿನ ಮೇಲೆ ಹುಡುಕಿದೆ, ಬೀರುವಿನಲ್ಲಿ ಹುಡುಕಿದೆ. ಅಪ್ಪನನ್ನು ಕೇಳಿದರೆ, ‘ಎಲ್ಲಾ ಕಳ್ಸಿಬುಟ್ಟಿದೀನಿ ಕಣವ್ವ, ನನ್ನತ್ರ ಏನೂ ನಿಂತಿಲ್ಲ’ ಎಂದರು.

ಅವ್ವಾ, ಅಪ್ಪ ಸುಳ್ಳು ಹೇಳುತ್ತಿದ್ದಾರೆ ಎಂದುಕೊಂಡೆ. ನನ್ನ ನಕ್ಷೆಯ ತ್ರಿಕೋನಗಳೆಲ್ಲ ನನ್ನ ಅಪ್ಪನ ಮೇಜಿನ ಮೇಲೇ ಗುಡ್ಡೆ ಬಿದ್ದಿವೆಯಲ್ಲ ಎಂದು ನಾಚಿಕೆಯಾಯಿತು. ಮಗಳೆಂದು ಮುಚ್ಚಿಟ್ಟಳು ಎಂದು ಯಾರೂ ಅನ್ನಬಾರದು ಎಂಬ ಹಟಕ್ಕೆ ಬಿದ್ದು ಒಂದು ಸಲಹೆ ಬರೆದೆ: ದಾಖಲೆ ಸಾಲದ ಅರ್ಜಿಗೆ ಏಳು ದಿನ ಗಡುವು, ಎಂಟನೆಯ ದಿನ ಬಿಟ್ಟ ಕಡೆ ತೂತು. ಮ್ಯಾನೇಜರಿಗೆ ಮಾತಿನಲ್ಲಿ ಹೇಳಿದಾಗ ಬಹಳ ಮೆಚ್ಚಿದರು. ವರದಿ ಕೊಡಬೇಕಾದ್ದು ಬರುವ ಸೋಮವಾರ.

ಮೊನ್ನೆ, ಕಂಪನಿಯಿಂದ ತಂದಿದ್ದ ಹಳೆಯ ಅರ್ಜಿಗಳ ಚೀಟಿಗಳನ್ನು ವಾಪಸು ಕಳಿಸುವ ಮುಂಚೆ ನಕಲು ಮಾಡುತ್ತ ಕೂತಿದ್ದೆ. ಪಕ್ಕದಲ್ಲಿ ನಿನ್ನ ಕಾಗದ ಬಿಚ್ಚಿಟ್ಟಿತ್ತು. ಎರಡರಲ್ಲೂ ಅದೇ ದುಂಡು ಅಕ್ಷರ. ಒಂದು ಚೀಟಿಯ ಮೂಲೆಯಲ್ಲಿ ಅರಿಸಿನದ ಹೆಬ್ಬೆಟ್ಟೂ ಇತ್ತು. ಅಪ್ಪ ಅರಿಸಿನ ಮುಟ್ಟಿದ್ದನ್ನು ನಾನಂತೂ ಹುಟ್ಟಿದಾಗಿನಿಂದ ನೋಡಿಲ್ಲ.

ನಿನ್ನೆ ಕಂಪನಿಯ ಟಪಾಲು ತಂದ ಸಣ್ಣಬೀರಯ್ಯನನ್ನು ಗೇಟಿನ ಹತ್ತಿರ ಕೂರಿಸಿ ಕೇಳಿದೆ. ಮೊದಲು ಎಲೆಅಡಿಕೆ ಹುಡುಕುವವನ ಹಾಗೆ ಜೇಬೆಲ್ಲ ತಡಕಿದ. ಆಮೇಲೆ ಹೇಳಿದ: ‘ನಿಮಗೆ ಏಳಬ್ಯಾಡ ಅಂದವ್ರೆ ಕಣವ್ವ ನಿಮ್ಮವ್ವಾರು. ಅಪ್ಪಾರಿಗೆ ಎರಡು ವರ್ಸದಿಂದ ಅಕ್ಸರ ಎಲ್ಲಾ ಮಂಜಾಗಿ ಕಾಣ್ತವೆ. ಕಾಗದ ಚೀಲದಾಗೆ ಮನೆಗೆ ಬತ್ತವೆ. ಬೆಳಿಗ್ಗೆ ಒಲೆ ಮುಂದೆ ಕುಂತು ನಿಮ್ಮವ್ವಾರು ಓದ್ತಾರೆ, ಅಪ್ಪಾರು ಅಂದಂಗೆ ಬರೀತಾರೆ.’ ಆ ಮೂರು ವಾರ ನಾನು ಏಳು ಗಂಟೆಯವರೆಗೆ ಬಿದ್ದುಕೊಂಡಿದ್ದರೂ ನೀನು ಒಂದು ದಿನ ಬೈಯಲಿಲ್ಲ. ಮಗಳ ಮೇಲೆ ಅಕ್ಕರೆ ಎಂದುಕೊಂಡಿದ್ದೆ.

ಇಲ್ಲಿಂದ ಮುಂದಿನದನ್ನು ನೀನು ಅಪ್ಪನಿಗೆ ಓದದೆ ಹಾರಿಸಲು ನೋಡುತ್ತೀಯ. ಹಾರಿಸಬೇಡ.

ಉಳಿದದ್ದನ್ನೂ ಸಣ್ಣಬೀರಯ್ಯನೇ ಬಿಡಿಸಿ ಹೇಳಿದ. ದಾಖಲೆ ಸಾಲದ ಅರ್ಜಿಗೆ ಅಪ್ಪ ‘ಬಿಡಬಹುದು’ ಎನ್ನುತ್ತಾರೆ. ನೀನು ಹೂಂ ಎನ್ನುತ್ತೀಯ, ಬರೆಯುವುದಿಲ್ಲ. ಆ ಅರ್ಜಿ ಹಪ್ಪಳದ ಡಬ್ಬಿಗೆ ಹೋಗುತ್ತದೆ. ಯಾವ ಕಾಗದ ಸಾಲದು ಎಂದು ಸಣ್ಣಬೀರಯ್ಯನಿಗೆ ಹೇಳುತ್ತೀಯ. ಅವನು ಸೈಕಲ್ಲಿನಲ್ಲಿ ಆ ಹಳ್ಳಿಗೆ, ಹಾಡಿಗೆ ಸುದ್ದಿ ಮುಟ್ಟಿಸುತ್ತಾನೆ. ಕಾಗದ ಬಂದ ಮೇಲೆ ಅರ್ಜಿಯನ್ನು ಹೊಸದೆಂಬಂತೆ ಮತ್ತೆ ಓದುತ್ತೀಯ, ಅಪ್ಪ ‘ಒಪ್ಪಬಹುದು’ ಎನ್ನುತ್ತಾರೆ. ಅಪ್ಪ ನನಗೆ ಹೇಳಿದ್ದು ಸುಳ್ಳಲ್ಲ. ಎಲ್ಲ ಹೋಗಿವೆ ಎಂದೇ ಅವರು ನಂಬಿದ್ದಾರೆ.

ಇದು ತಿಳಿದ ಮೇಲೆ, ಚೀಟಿಗಳ ಜೊತೆ ತಂದಿದ್ದ ಹೋದ ವರ್ಷದ ನೋಂದಣಿ ಪುಸ್ತಕ ತೆಗೆದು ಲೆಕ್ಕ ಹಾಕಿದೆ. ಆಗ ನಿಂತಿದ್ದವು ಮೂವತ್ತೇಳು. ಕಡೆಗೆ ಒಪ್ಪಿಗೆಯಾದವು ಇಪ್ಪತ್ತೊಂಬತ್ತು. ನನ್ನ ಏಳು ದಿನದ ಗಡುವು ಆಗಲೇ ಇದ್ದಿದ್ದರೆ ಆ ಇಪ್ಪತ್ತೊಂಬತ್ತು ಮನೆಯವರೂ ಆ ವರ್ಷ ಬೆಳೆ ಇಡುತ್ತಿರಲಿಲ್ಲ. ಸಾಲಿಗ್ರಾಮದಲ್ಲಿ ಲೋಯರ್ ಸೆಕೆಂಡರಿ ಓದಿದ ನೀನು ಒಲೆ ಮುಂದೆ ಕೂತು ಮಾಡಿದ್ದು, ಎಂ.ಕಾಂ. ಓದಿದ ನನ್ನ ನಕ್ಷೆಯಲ್ಲಿ ತ್ರಿಕೋನವಾಗಿ ಬಿದ್ದಿತ್ತು. ನಿನ್ನ ಮೇಲೆ ನನಗೆ ಬಹಳ ಹೆಮ್ಮೆಯಾಯಿತು ಅವ್ವಾ. ರೂಮಿನವಳು ಏನಾಯಿತೇ ಎಂದು ಕೇಳುವಷ್ಟು ಅತ್ತೆ.

ಆದರೆ ಉಳಿದ ಎಂಟು ಅರ್ಜಿಗಳ ಬಗ್ಗೆ ನಿನ್ನ ಮೇಲೆ ಕೋಪವೂ ಇದೆ. ಅವರಿಗೆ ಹೌದು ಎಂದೂ ಯಾರೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಇಲ್ಲ ಎನ್ನುವುದು ನಿನಗೆ ಬರುವುದೇ ಇಲ್ಲ. ಈ ವರ್ಷದ ಡಬ್ಬಿಯಲ್ಲಿ ಕೋಟೆಯ ಆಚೆ ಕಾಡಂಚಿನ ಹಾಡಿಯ ಚಿಕ್ಕಮಾದಿಯ ಅರ್ಜಿ ಇದೆಯಲ್ಲ. ಗಂಡ ಕರಿಯ ತೀರಿಕೊಂಡಿದ್ದಾನೆ, ಎರಡು ಎಕರೆಯ ಪಹಣಿ ಇನ್ನೂ ಅವನ ಹೆಸರಿನಲ್ಲೇ ಇದೆ. ಅವಳು ಸಣ್ಣಬೀರಯ್ಯನಿಗೆ ಏನಂದಳು ಎಂಬುದನ್ನು ಅವನು ನಿನಗೆ ಹೇಳಿಲ್ಲ, ನನಗೆ ಹೇಳಿದ: ‘ಇಲ್ಲ ಅಂದ್ರೆ ಇಲ್ಲ ಅನ್ಲಿ, ಮಕ್ಕಳ ಕಟ್ಕಂಡು ಕೊಡಗಿಗೆ ಕೂಲಿಗೆ ಓಯ್ತೀನಿ. ಆಯ್ತದೆ ಅಂದ್ರೆ ಕಾಯ್ತೀನಿ. ಯಾವ್ದಾರ ಒಂದ ಏಳಿ ಸಾಮಿ.’ ಎರಡು ತಿಂಗಳಿಂದ ಅವಳು ಹೋಗಲೂ ಆಗದೆ ಇರಲೂ ಆಗದೆ ಕೂತಿದ್ದಾಳೆ. ಪಹಣಿ ಅವಳ ಹೆಸರಿಗಾದ ಕಾಗದ ಇನ್ನು ಹತ್ತು ದಿನಕ್ಕೆ ಸಿಗುತ್ತದಂತೆ.

ಅದಕ್ಕೇ ಕಾರ್ಡಿನಲ್ಲಿ ಮೂರನೆಯ ತೂತು ಬೇಕು ಎಂದು ಬರೆಯಬೇಕು. ಒಪ್ಪಿದ್ದೂ ಅಲ್ಲ, ಬಿಟ್ಟಿದ್ದೂ ಅಲ್ಲ, ಕಾಯುತ್ತಿರುವುದು. ಅದಕ್ಕೊಂದು ಕೊನೆಯ ದಿನ, ಏನು ಸಾಲದು ಎಂದು ಅವರ ಮನೆಬಾಗಿಲಿಗೆ ಹೋಗಿ ಹೇಳುವ ಒಬ್ಬ ಮನುಷ್ಯ, ಕಡೆಗೆ ಆಗದಿದ್ದರೆ ಆಗದು ಎಂದು ಬಾಯಿಬಿಟ್ಟು ಹೇಳುವ ಧೈರ್ಯ. ಮ್ಯಾನೇಜರು ಸುಮ್ಮನೆ ಒಪ್ಪುವವರಲ್ಲ. ಇದು ನಡೆಯುತ್ತದೆ ಎಂಬುದಕ್ಕೆ ಸಾಕ್ಷಿ ಏನು ಎನ್ನುತ್ತಾರೆ. ಸಾಕ್ಷಿ ಇರುವುದು ನಿನ್ನ ಡಬ್ಬಿಯಲ್ಲಿ. ಡಬ್ಬಿ ತೋರಿಸಿದರೆ ಅಪ್ಪನ ಕಣ್ಣಿನ ವಿಷಯ ಹೊರಗೆ ಬರುತ್ತದೆ. ಅವರ ಸರ್ವೀಸು ಇನ್ನೂ ಎರಡು ವರ್ಷ ನಾಲ್ಕು ತಿಂಗಳಿದೆ. ಕೆಲಸದಿಂದ ಬಿಡಿಸಿದರೂ ಬಿಡಿಸಿಯಾರು.

ಅಪ್ಪಾ, ಇದು ನಿಮಗೆ. ಇಲ್ಲಿನ ಡಾಕ್ಟರನ್ನು ಕೇಳಿದೆ. ಪೊರೆ ಇರಬಹುದು, ಕರೆದುಕೊಂಡು ಬನ್ನಿ, ನೋಡದೆ ಹೇಳಲಾರೆ ಎಂದರು. ಮಿರ್ಲೆಯ ದೊಡ್ಡಪ್ಪನಿಗೆ ಆಪರೇಷನ್ ಆದ ಮೇಲೆ ಇದ್ದ ಕಣ್ಣೂ ಹೋಯಿತು ಎಂಬ ಹೆದರಿಕೆ ನಿಮಗಿದೆ, ನನಗೂ ಇದೆ. ಆದರೆ ಹೇಳದೆ ಇದ್ದರೆ ಕಣ್ಣು ತಾನಾಗಿ ತಿಳಿಯಾಗುವುದಿಲ್ಲ. ನೀವೇ ಹೋಗಿ ಮ್ಯಾನೇಜರಿಗೆ ನಿಜ ಹೇಳಿ, ಮೂರು ತಿಂಗಳ ರಜೆ ಕೇಳಿ. ಬೇರೆಯವರ ಬಾಯಿಂದ ಅವರಿಗೆ ತಿಳಿಯುವುದು ಬೇಡ. ನಿಮ್ಮನ್ನು ಸುಳ್ಳುಗಾರ ಎಂದುಕೊಂಡೆನಲ್ಲ, ಅದು ನನ್ನನ್ನು ಸುಡುತ್ತಿದೆ.

ಅವ್ವನ ಮೇಲೆ ಸಿಟ್ಟಾಗಬೇಡಿ.

ಸಣ್ಣಬೀರಯ್ಯ ನಾಳೆ ಬೆಳಿಗ್ಗೆ ಹುಣಸೂರಿಗೆ ಹೊರಡುತ್ತಾನೆ. ಅವನ ಕೈಲೇ ಇದನ್ನು ಕೊಡುತ್ತೇನೆ.

ಇಂತಿ ನಿಮ್ಮ ಮಗಳು,
ಸುನಂದ

ಮರೆತಿದ್ದು: ಮರೆತದ್ದಲ್ಲ, ಬರೆಯಲು ಹೆದರಿದ್ದು. ವರದಿ ಬರುವ ಸೋಮವಾರ ಕೊಡಬೇಕು ಎಂದು ಮೇಲೆ ಬರೆದಿದ್ದೇನೆ, ಅದು ಸುಳ್ಳು. ಹೋದ ಸೋಮವಾರವೇ ಕೊಟ್ಟುಬಿಟ್ಟಿದ್ದೇನೆ. ಎಲ್ಲರಿಗಿಂತ ಮೊದಲು ಮುಗಿಸಿದೆ ಎಂದು ಪ್ರೊಫೆಸರು ಬೆನ್ನು ತಟ್ಟಿದರು. ಸಣ್ಣಬೀರಯ್ಯ ತಂದ ಟಪಾಲಿನಲ್ಲಿ ಮ್ಯಾನೇಜರ ಕಾಗದವಿತ್ತು: ಮಿಷನ್ ಬರುವವರೆಗೆ ಕಾಯುವುದಿಲ್ಲವಂತೆ, ಏಳು ದಿನದ ಗಡುವು ಈ ಬರುವ ಸೋಮವಾರದಿಂದಲೇ ಜಾರಿಯಂತೆ. ಡಬ್ಬಿಯಲ್ಲಿರುವ ನಲವತ್ತೊಂದಕ್ಕೂ ಗಡುವು ಮೀರಿಹೋಗಿದೆ, ಚಿಕ್ಕಮಾದಿಯದಕ್ಕೂ. ಅಪ್ಪನಿಗೆ ಧೈರ್ಯ ಹೇಳುವ ನಾನು, ನಾಲ್ಕು ಹಾಳೆ ತುಂಬುವವರೆಗೂ ಇದನ್ನು ಬರೆಯಲಾರದೆ ಹೋದೆ. ಶನಿವಾರ ಮೊದಲ ಬಸ್ಸಿಗೆ ಬರುತ್ತೇನೆ. ಡಬ್ಬಿ ತೆಗೆದಿಟ್ಟಿರು, ಮೂವರೂ ಮ್ಯಾನೇಜರ ಹತ್ತಿರ ಹೋಗೋಣ. ನನ್ನ ತಪ್ಪನ್ನು ನಾನು ಮೊದಲು ಹೇಳುತ್ತೇನೆ, ಆಮೇಲೆ ಅಪ್ಪ ತಮ್ಮದನ್ನು ಹೇಳಲಿ. ನನ್ನ ಮಾನ ಉಳಿಸಲೆಂದು ನೀನು ಈ ಕೊನೆಯ ಸಾಲುಗಳನ್ನು ಅಪ್ಪನಿಗೆ ಹಾರಿಸಿ ಓದುತ್ತೀಯ, ನನಗೆ ಗೊತ್ತು. ಇದನ್ನೂ ಓದವ್ವ.