ಪಿಕಳಾರಕ್ಕೂ ಮಡಿ ಹೊದೆಸಿದವರು

ಶಾರದತ್ತೆ,

ನೀನು ತೀರಿಹೋದ ಮೇಲೆ ಇಂಥದ್ದನ್ನು ಹೇಳಿಕೊಳ್ಳಲು ನನಗೆ ಜನವೇ ಇಲ್ಲ. ಹೇಸಿಗೆ ಬಂದುಹೋಗಿದೆ. ಯಾರ ಹತ್ತಿರ ಬಾಯಿಬಿಟ್ಟರೂ "ಒಂದು ಹಕ್ಕಿಮರಿಗೆ ಇಷ್ಟೆಲ್ಲ ಎಂತಕ್ಕೆ?" ಅನ್ನುತ್ತಾರೆ.

ನೆನಪಿದೆಯಾ, ಸಿದ್ದಾಪುರದ ನಿನ್ನ ಅಂಗಳದಲ್ಲಿ ಬಿದ್ದ ಮರಿಯನ್ನು ಎತ್ತಲು ಹೋದ ನನ್ನ ಜಡೆ ಹಿಡಿದು ನೀನು ಎಳೆದದ್ದು? "ಮುಟ್ಟಡ! ಪುಕ್ಕ ಬಂದು ಕುಪ್ಪಳಿಸ್ತಾ ಇದ್ದು, ಕಾಣ್ತಿಲ್ಯ? ಹಾರಲೆ ಕಲಿತಾ ಇದ್ದು. ಪುಕ್ಕ ಬರದ್ದು ಬಿದ್ರೆ ಗೂಡಿಗೆ ಇಡು. ರಕ್ತ ಬಂದಿದ್ರೆ, ತಾಯಿ ಸತ್ತದ್ದು ಗೊತ್ತಿದ್ರೆ ಮಾತ್ರ ಎತ್ತು. ಇಲ್ದಿದ್ರೆ ದೂರ ನಿಂತು ನೋಡು." ಶಾಲೆಯಲ್ಲಿ ಮಕ್ಕಳಿಗೆ ಗದರುವ ಅದೇ ದನಿ.

ನಿನ್ನೆ ಬೆಳಿಗ್ಗೆ ಇಲ್ಲಿ ಶಿರಸಿಯಲ್ಲಿ, ಪಕ್ಕದ ಮನೆಯ ವಿನಾಯಕ ತನ್ನ ದಾಸವಾಳ ಗಿಡದ ಬುಡದಿಂದ ಪಿಕಳಾರದ ಎರಡು ಮರಿ ಹೆಕ್ಕಿದ. ಪುಕ್ಕವೆಲ್ಲ ಬಂದಿತ್ತು, ಬಾಲ ಮಾತ್ರ ಮೋಟು. ತಂದೆ ತಾಯಿ ಎರಡೂ ಕರೆಂಟು ತಂತಿಯ ಮೇಲೆ ಹುಳ ಕಚ್ಚಿಕೊಂಡೇ ಬೊಬ್ಬೆ ಹೊಡೆಯುತ್ತಿದ್ದವು. ಈ ಮಹಾರಾಯ ಒಮ್ಮೆ ತಲೆ ಎತ್ತಿದ್ದರೆ… ಕಣ್ಣು ಮೊಬೈಲಿನಲ್ಲಿತ್ತಲ್ಲ! 'ಅನಾಥ ಮರಿಗಳ ರಕ್ಷಣೆ' ಅಂತ ಸ್ಟೇಟಸ್ ಹಾಕಿಯೂ ಆಗಿತ್ತು. ಚಪ್ಪಲಿ ಡಬ್ಬಿ, ಹತ್ತಿ, ಚಮಚದಲ್ಲಿ ಹಾಲು. ಹಕ್ಕಿ ಯಾವ ಕಾಲಕ್ಕೆ ಹಾಲು ಕುಡಿದದ್ದು, ಹೇಳು?

"ಬಿಡೋ ಅದನ್ನ" ಎಂದು ನಾನು ಕೂಗಿದಾಗ ಅವನ ಆಯಿ ಜಗಲಿಯಿಂದ ಹೇಳಿದ್ದು ಕೇಳು: "ಮನುಷ್ಯರು ಮುಟ್ಟಿದ ಮೇಲೆ ಮೈಲಿಗೆ ಆತಲ ತಂಗಿ. ತಾಯಿ ಇನ್ನು ಸೇರಿಸ್ಕತ್ತಿಲ್ಲೆ." ನಮ್ಮವರ ಬುದ್ಧಿಯೇ! ಮಡಿಬಟ್ಟೆ ಒಣಗಿಸಿದ ಗಳದ ಹತ್ತಿರ ಮಕ್ಕಳನ್ನು ಸುಳಿಯಗೊಡದವರು ಹಕ್ಕಿಗೂ ಮಡಿ ಹೊದೆಸಿದರು. ನಾನೇ ನುಗ್ಗಿ ಒಂದು ಮರಿಯನ್ನು ಅವನ ಕೈಯಿಂದ ಕಸಿದು ದಾಸವಾಳದ ಗೆಲ್ಲಿನಲ್ಲಿ ಕೂರಿಸಿದೆ. ಇನ್ನೊಂದನ್ನು ಅವನು ಡಬ್ಬಿ ಸಮೇತ ಒಳಗೊಯ್ದು ಬಾಗಿಲು ಹಾಕಿಕೊಂಡ.

ಸಂಜೆಗೆ ಒಳಗಿನದು ಸತ್ತಿತು. ಹಾಲು ನೆತ್ತಿಗೇರಿತ್ತು. ಅದರ ಮೇಲೆ ಹೂವಿಟ್ಟು, ದುಃಖದ ಹಾಡು ಹಾಕಿ ಮತ್ತೊಂದು ವಿಡಿಯೋ ಮಾಡಿದ. "ಆಯುಷ್ಯ ಇತ್ತಿಲ್ಲೆ, ಎಂತ ಮಾಡೂದು" ಅಂತ ನನ್ನ ಹತ್ತಿರವೇ ಹೇಳಿದ. ಥೂ! ಕೊಂದವನಿಗೇ ನಾನು ಸಮಾಧಾನ ಹೇಳಬೇಕಿತ್ತೇ?

ಈಗ ಬೆಳಗಾಗಿದೆ. ಅವರ ಬೇಲಿಗೆ ತಾಗಿಸಿ ಕುರ್ಚಿ ಹಾಕಿಕೊಂಡು ಇದನ್ನು ಬರೆಯುತ್ತಿದ್ದೇನೆ. ಉಳಿದ ಮರಿ ಹಾರುವ ತನಕ ನಾನು ಏಳುವುದಿಲ್ಲ, ಬೇಕಾದರೆ ಜಗಳವೇ ಆಗಲಿ. ಇಗೋ, ತಾಯಿ ಇಳಿಯಿತು. ವಿನಾಯಕನೂ ನಾನೂ ಮುಟ್ಟಿದ ಮರಿ ಅದು. ಅದರ ಬಾಯಿಗೆ ಹುಳ ತುರುಕಿ ಹಾರಿಹೋಯಿತು. ಆಯಿ ಜಗಲಿಯಲ್ಲಿ ನಿಂತು ನೋಡಿದರು.

ಈಗ ಮತ್ತೊಂದು ಹುಳ ತಂದಿದೆ, ಅತ್ತೆ. ಅದನ್ನು ಕಚ್ಚಿಕೊಂಡು ವಿನಾಯಕನ ಕಿಟಕಿಯ ಸರಳಿನ ಮೇಲೆ ಕೂತು ಒಳಗಿನದನ್ನು ಕರೆಯುತ್ತಿದೆ.